ಬಿಸಿಯನ್ನು ಕಾಪಾಡಿಕೊಳ್ಳುವ ಬಗೆ

ಡಿಸೆಂಬರ್ ತಿಂಗಳು ಕಾಲಿಟ್ಟಿತೆಂದರೆ ನಮ್ಮ ಭಾಂಡುಪಿನಲ್ಲಿಯೂ ಮುಂಜಾನೆ ಮೈ ನಡುಗುವುದುಂಟು. ಅದು ಕಾಶ್ಮೀರದ ಚಳಿಯಲ್ಲ, ನಿಜ. ಆದರೂ ಬೆಳಗಿನ ಪಾಳಿಯ ಶಾಲೆಗೆ ಹೊರಡುವ ವಿದ್ಯಾರ್ಥಿಗೆ ಒಂದು ಬಕೀಟು ಬಿಸಿನೀರು ಬೇಕೇ ಬೇಕು. ನೀರನ್ನು ಕಾಯಿಸುವುದು ಎಲ್ಲರಿಗೂ ಗೊತ್ತು. ಕಾಯಿಸಿದ ಬಿಸಿಯನ್ನು ಕಾಪಾಡಿಕೊಳ್ಳುವುದು ಹೇಗೆಂದು ಯೋಚಿಸುವವರು ಮಾತ್ರ ಕಡಮೆ.

ಊರಿನ ಬಚ್ಚಲುಮನೆಯನ್ನು ಒಮ್ಮೆ ನೆನೆದುಕೊಳ್ಳಿರಿ. ಒಲೆಯ ಮೇಲೆ ತಾಮ್ರದ ಹಂಡೆಯನ್ನು ಕೂರಿಸಿ, ಹಂಡೆಗೂ ಒಲೆಯ ಕಟ್ಟೆಗೂ ನಡುವಣ ಸಂದನ್ನು ಮಣ್ಣಿನಿಂದ ಮೆತ್ತುತ್ತಿದ್ದರು. ಮಣ್ಣು ಒಣಗಿ ಬಿರುಕು ಬಿಟ್ಟರೆ ಹಿರಿಯರು ಮರುದಿನವೇ ಮತ್ತೆ ಮೆತ್ತುವರು. ಬಿರುಕಿನಿಂದ ಉರಿಯ ಬಿಸಿ ಹೊರಗೆ ಓಡಿದರೆ ಸೌದೆಯೂ ಹೆಚ್ಚು ಬೇಕು, ನೀರೂ ಬೇಗ ಕಾಯದು. ಆದರೆ ಹೊಗೆ ಹೋಗುವ ಕಂಡಿಯನ್ನು ಮಾತ್ರ ಯಾರೂ ಮುಚ್ಚುತ್ತಿರಲಿಲ್ಲ. ಈ ಎರಡು ಸಂಗತಿಗಳನ್ನು ಜ್ಞಾಪಕದಲ್ಲಿಡಿರಿ. ಈ ಲೇಖನದ ಸಾರವೆಲ್ಲ ಅವುಗಳಲ್ಲಿಯೇ ಅಡಗಿದೆ.

ಶಾಖವು ಮೂರು ದಾರಿಗಳಲ್ಲಿ ಸಾಗುತ್ತದೆಂದು ವಿಜ್ಞಾನದ ಪಾಠದಲ್ಲಿ ಓದಿದ್ದೀರಿ. ಬಿಸಿ ಚಹದಲ್ಲಿಟ್ಟ ಚಮಚದ ಹಿಡಿ ಕಾಯುವುದು ವಹನದಿಂದ. ಪಾತ್ರೆಯ ತಳದ ನೀರು ಬಿಸಿಯಾಗಿ ಮೇಲೇರುವುದು ಸಂವಹನದಿಂದ. ಸೂರ್ಯನ ಶಾಖ ನಮ್ಮನ್ನು ಮುಟ್ಟುವುದು ವಿಕಿರಣದಿಂದ. ತಾಮ್ರವು ನಿಶ್ಚಲವಾದ ಗಾಳಿಗಿಂತ ಹತ್ತು ಸಾವಿರ ಪಟ್ಟಿಗೂ ಹೆಚ್ಚಾಗಿ ಶಾಖವನ್ನು ಒಯ್ಯಬಲ್ಲುದು. ಅಂದರೆ ನಿಂತ ಗಾಳಿಯೇ ಬಿಸಿಗೆ ಒಳ್ಳೆಯ ಕಾವಲುಗಾರ. ಹತ್ತಿಯ ರಜಾಯಿ, ಉಣ್ಣೆಯ ಕಂಬಳಿ ಇವೆಲ್ಲ ಗಾಳಿಯನ್ನು ತಮ್ಮ ಎಳೆಗಳ ನಡುವೆ ಸೆರೆಹಿಡಿದೇ ನಮ್ಮನ್ನು ಬೆಚ್ಚಗಿಡುತ್ತವೆ. ಅದೇ ಗಾಳಿ ಚಲಿಸತೊಡಗಿತೋ, ಬಿಸಿಯನ್ನು ಹೊತ್ತುಕೊಂಡು ಹೋಗುವ ಕಳ್ಳನೂ ಅದೇ. ಆದುದರಿಂದ ಮೊದಲು ಸಂದನ್ನು ಮುಚ್ಚಬೇಕು. ಅನಂತರ ಹೊದಿಕೆಯನ್ನು ಹೊದಿಸಬೇಕು.

ಶೀತದೇಶಗಳಲ್ಲಿ ಈ ನಿಯಮಕ್ಕೆ ಬಹಳ ಬೆಲೆಯಿದೆ. ಅಮೆರಿಕದ ಅನೇಕ ಮನೆಗಳಲ್ಲಿ ಒಂದೆಡೆ ಕುಲುಮೆಯನ್ನಿರಿಸಿ, ಅಲ್ಲಿ ಕಾದ ಗಾಳಿಯನ್ನು ತಗಡಿನ ಕೊಳವೆಗಳ ಮೂಲಕ ಕೋಣೆಕೋಣೆಗೆ ಕಳುಹಿಸುತ್ತಾರೆ. ಈ ಕೊಳವೆಗಳಿಗೆ ಡಕ್ಟ್ ಎಂದು ಹೆಸರು. ಅಲ್ಲಿಯ ಸರ್ಕಾರದ ಅಂದಾಜಿನಂತೆ, ಸಾಮಾನ್ಯ ಮನೆಯೊಂದರಲ್ಲಿ ಇವುಗಳಲ್ಲಿ ಹರಿಯುವ ಗಾಳಿಯ ಶೇಕಡಾ 20ರಿಂದ 30 ಭಾಗ ಕೀಲುಗಳ ಸಂದಿನಿಂದ ಸೋರಿಹೋಗುತ್ತದೆ. ಇದಕ್ಕೆ ಪರಿಹಾರವೆಂದರೆ ಕೀಲುಗಳಿಗೆ ಅಂಟುಲೇಪವನ್ನು ಬಳಿಯುವುದು ಇಲ್ಲವೆ ಲೋಹದ ಹಾಳೆಯ ಪಟ್ಟಿಯನ್ನು ಅಂಟಿಸುವುದು, ಮೇಲೆ ಗಾಜಿನ ನೂಲಿನ ಹೊದಿಕೆಯನ್ನು ಸುತ್ತುವುದು. ‘ಡಕ್ಟ್ ಟೇಪ್’ ಎಂದೇ ಮಾರುವ ಬಟ್ಟೆಯ ಪಟ್ಟಿಯು ಈ ಕೆಲಸಕ್ಕೆ ಬಾರದೆಂದು 1998ರಲ್ಲಿ ಕ್ಯಾಲಿಫೋರ್ನಿಯದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ವಿಜ್ಞಾನಿಗಳು ಪರೀಕ್ಷಿಸಿ ತೋರಿಸಿದರು. ಹೆಸರನ್ನು ನಂಬಿ ವಸ್ತುವನ್ನು ಕೊಳ್ಳಬಾರದೆಂಬುದಕ್ಕೆ ಇದೊಂದು ನಿದರ್ಶನ.

ನಮ್ಮ ಮನೆಗಳಲ್ಲಿ ಬಿಸಿಗಾಳಿಯ ಕೊಳವೆಗಳಿಲ್ಲ, ಬಿಸಿನೀರಿನ ಕೊಳವೆಗಳುಂಟು. ಮುಂಬಯಿಯ ಎಷ್ಟೋ ಕಟ್ಟಡಗಳ ತಾರಸಿಯ ಮೇಲೆ ಸೌರಶಕ್ತಿಯಿಂದ ನೀರು ಕಾಯಿಸುವ ಸಾಧನಗಳಿವೆ. ತಾರಸಿಯಿಂದ ಕೆಳಗಿನ ಮನೆಗೆ 20 ಮೀಟರ್ ಉದ್ದದ, 15 ಮಿಲಿಮೀಟರ್ ಒಳವ್ಯಾಸದ ಕೊಳವೆ ಬಂದಿದೆಯೆಂದು ತಿಳಿಯೋಣ. ಲೆಕ್ಕ ಮಾಡಿ ನೋಡಿರಿ, ಅದರಲ್ಲಿ ಸುಮಾರು ಮೂರೂವರೆ ಲೀಟರು ನೀರು ನಿಂತಿರುತ್ತದೆ. ಆ ನೀರು ತಣಿದಾಗಲೆಲ್ಲ ಅಷ್ಟನ್ನೂ ಚೆಲ್ಲಿದ ಮೇಲೆಯೇ ಬಿಸಿನೀರು ಬರುವುದು. ರಾತ್ರಿಯಿಡೀ ನಿಂತ ನೀರನ್ನು ಯಾವ ಹೊದಿಕೆಯೂ ಬೆಚ್ಚಗಿಡಲಾರದು; ಆದರೆ ಒಬ್ಬರ ಸ್ನಾನಕ್ಕೂ ಮತ್ತೊಬ್ಬರ ಸ್ನಾನಕ್ಕೂ ನಡುವಣ ಹೊತ್ತಿನಲ್ಲಿ ಅದು ಬಿಸಿಯನ್ನು ಕಾಯಬಲ್ಲುದು.

ಇದಕ್ಕಾಗಿ ಸ್ಪಂಜಿನಂತಹ ಕಪ್ಪು ಫೋಮಿನ ಹೊದಿಕೆಯು ಅಂಗಡಿಗಳಲ್ಲಿ ದೊರೆಯುತ್ತದೆ. ಮೊದಲು ಕೊಳವೆಯ ಸೋರಿಕೆಯನ್ನು ನಿಲ್ಲಿಸಿ, ಒರೆಸಿ ಒಣಗಿಸಿ, ಬಳಿಕ ಅದನ್ನು ತೊಡಿಸಬೇಕು. ತಿರುವುಗಳನ್ನು ಬರಿದೇ ಬಿಡಬಾರದು. ನಮ್ಮ ಮಳೆಗಾಲವನ್ನೂ ಮರೆಯಬಾರದು. ನೀರು ನಿಂತ ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚಾಗಿ ಶಾಖವನ್ನು ಒಯ್ಯುವುದರಿಂದ, ನೆನೆದ ಹೊದಿಕೆಯಿಂದ ಪ್ರಯೋಜನವಿಲ್ಲ. ಬಿಸಿಲಿಗೂ ಮಳೆಗೂ ಒಡ್ಡಿದ ಕಡೆ ಅದರ ಮೇಲೆ ಅಲ್ಯುಮಿನಿಯಂ ತಗಡಿನ ಕವಚವಿರಬೇಕು.

ಇನ್ನು ಮುಚ್ಚಬಾರದ ಕಂಡಿಯ ಮಾತು. ಇದನ್ನು ನಾನು ಪುಸ್ತಕದಿಂದ ಕಲಿತವನಲ್ಲ. ಈ ಊರಿಗೆ ಬಂದ ಹೊಸದರಲ್ಲಿ ನಾನು ಬಾಡಿಗೆಗೆ ಹಿಡಿದಿದ್ದ ಮನೆಯಲ್ಲಿ ಗ್ಯಾಸ್ ಗೀಸರ್ ಸ್ನಾನದ ಕೋಣೆಯೊಳಗೇ ಇದ್ದಿತು. ಕಿಟಕಿಯ ಗಾಜಿನ ಪಟ್ಟಿಗಳ ಸಂದಿನಿಂದ ಚಳಿಗಾಳಿ ಬರುತ್ತಿದ್ದುದರಿಂದ ನಾನು ಅದಕ್ಕೆ ರಟ್ಟನ್ನು ಬಡಿದು, ಜಾಣತನವೆಂದು ಹಿಗ್ಗಿದೆ. ಮೂರನೆಯ ದಿನ ಸ್ನಾನದ ನಡುವೆ ತಲೆ ಭಾರವಾಯಿತು, ಕಾಲು ಕುಸಿಯಿತು. ಹೇಗೋ ಕೈ ಅಗುಳಿಗೆ ಎಟುಕಿತು. ಸದ್ದು ಕೇಳಿ ಓಡಿ ಬಂದ ನೆರೆಮನೆಯ ಮರಾಠಿ ತಾಯಿಯು, “ಮಾಸ್ತರ್, ಮೊದಲು ಆ ರಟ್ಟನ್ನು ಕಿತ್ತು ಬಿಸಾಡಿ” ಎಂದು ಗದರಿಸಿದರು. ಬಿಸಿಯನ್ನು ಉಳಿಸಹೋಗಿ ಉಸಿರನ್ನೇ ಕಳೆದುಕೊಳ್ಳಲಿದ್ದೆ.

ಸಾಕಷ್ಟು ಗಾಳಿಯಿಲ್ಲದೆಡೆ ಉರಿಯು ಪೂರ್ಣವಾಗಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹೀಮೋಗ್ಲೋಬಿನ್ನಿನೊಡನೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾದ ಬಲದಿಂದ ಕೂಡಿಕೊಂಡು, ಪ್ರಾಣವಾಯುವಿಗೆ ಎಡೆಯಿಲ್ಲದಂತೆ ಮಾಡುತ್ತದೆ. ಆದುದರಿಂದ ಗ್ಯಾಸ್ ಗೀಸರನ್ನು ಸ್ನಾನದ ಕೋಣೆಯ ಹೊರಗೆ, ಗಾಳಿಯಾಡುವ ಕಡೆಯಲ್ಲಿ ಇರಿಸಬೇಕು. ಈಗಾಗಲೇ ಒಳಗಿದ್ದರೆ ಅದನ್ನು ಹೊರಗೆ ಹಾಕಿಸುವವರೆಗೆ, ಕಿಟಕಿಬಾಗಿಲುಗಳನ್ನು ತೆರೆದು ಬಕೀಟು ತುಂಬಿಸಿ, ಉರಿಯನ್ನು ಆರಿಸಿ, ಗಾಳಿಯಾಡಿದ ಮೇಲೆ ಸ್ನಾನಕ್ಕೆ ಹೋಗಬೇಕು. ತಲೆ ಸುತ್ತಿದರೆ ತಡಮಾಡದೆ ಹೊರಗೆ ಬರಬೇಕು.

ವಿದ್ಯಾರ್ಥಿಗಳೇ, ಈ ರಜೆಯಲ್ಲಿ ನಿಮ್ಮ ಮನೆಯನ್ನೊಮ್ಮೆ ಪರೀಕ್ಷಿಸಿರಿ. ಬಿಸಿನೀರಿನ ಕೊಳವೆ ಎಲ್ಲಿ ಸೋರುತ್ತಿದೆ, ಎಲ್ಲಿ ಬರಿಮೈಯಲ್ಲಿದೆ ಎಂಬುದನ್ನು ಬರೆದುಕೊಳ್ಳಿರಿ. ಅದಕ್ಕೂ ಮೊದಲು ಸ್ನಾನದ ಕೋಣೆಯ ಕಿಟಕಿಯನ್ನು ನೋಡಿರಿ. ಅಲ್ಲಿ ರಟ್ಟೋ ಬಟ್ಟೆಯೋ ತುರುಕಿದ್ದರೆ ತಂದೆತಾಯಿಗಳಿಗೆ ತಿಳಿಸಿ ಅಂದೇ ತೆಗೆಸಿರಿ.