ಚಾವಡಿಗೆ ಅರಿಶಿನ ಬಣ್ಣ

ನಾನು ಮದುವೆಯಾಗಿ ಮಂಡೆಕೋಲಿಗೆ ಬಂದಾಗಿನಿಂದ ನಮ್ಮ ಚಾವಡಿಗೆ ಒಂದೇ ಬಣ್ಣ. ಸುಣ್ಣಕ್ಕೆ ಚಿಟಿಕೆ ನೀಲಿ ಬೆರೆಸಿ ಬಳಿದ ಬಿಳಿ. ಅಡಿಕೆ ಸುಲಿಯುವುದು, ಮಕ್ಕಳ ಓದು, ಟಿ.ವಿ., ನೆಂಟರ ಮಾತುಕತೆ ಎಲ್ಲವೂ ಅಲ್ಲೇ. ಮಳೆಗಾಲದಲ್ಲಿ ಮಧ್ಯಾಹ್ನ ಮೂರಕ್ಕೇ ಟ್ಯೂಬ್‌ಲೈಟ್ ಬೇಕು, ಆ ಬೆಳಕಿನಲ್ಲಿ ಗೋಡೆ ಬೂದಿಯ ಹಾಗೆ ಕಾಣುತ್ತದೆ. ಕಳೆದ ಡಿಸೆಂಬರಿನಲ್ಲಿ, ಗೋಡೆಯ ಥಂಡಿ ಆರಿದ ಮೇಲೆ, ಬಣ್ಣ ಬದಲಾಯಿಸೋಣ ಎಂದೆ. ಗಂಡ ಆಯಿತು ಎಂದರು. ಅತ್ತೆ ಏನೂ ಹೇಳಲಿಲ್ಲ. ಅದನ್ನೇ ಒಪ್ಪಿಗೆ ಎಂದು ತಿಳಿದೆ.

ಮಗಳಿಗೆ ನವಿಲು ನೀಲಿ ಬೇಕು, ನನಗೆ ಅರಿಶಿನ. ಕಾರ್ಡಿನಲ್ಲಿ ಉಗುರಿನಷ್ಟು ಕಾಣುವ ಬಣ್ಣವನ್ನು ನಂಬುವ ಹಾಗಿಲ್ಲ. ಸುಳ್ಯ ಪೇಟೆಯಿಂದ ಎರಡರದ್ದೂ ಚಿಕ್ಕ ಡಬ್ಬಿ ತಂದು, ರಟ್ಟಿಗೆ ಬಳಿದು ಎರಡು ದಿನ ಗೋಡೆಗೆ ಒರಗಿಸಿಟ್ಟೆವು. ಸಂಜೆಯಾಗುತ್ತಲೇ ನೀಲಿ ಕಪ್ಪಾಯಿತು, ಅರಿಶಿನ ಹಾಗೇ ಬೆಳಗುತ್ತಿತ್ತು. ಮಗಳು ಸೋಲೊಪ್ಪಿಕೊಂಡಳು. ಆದರೆ ಗಾಢ ಬಣ್ಣದ ಗೋಡೆಗಳು ಒಂದಕ್ಕೊಂದು ಬಣ್ಣ ಚೆಲ್ಲುತ್ತವಂತೆ, ಕೋಣೆಯೊಳಗೆ ಅದು ಇನ್ನಷ್ಟು ದಟ್ಟ ಕಾಣುತ್ತದೆ. ಹಾಗಾಗಿ ಕಾರ್ಡಿನಲ್ಲಿ ಒಂದು ಮನೆ ತಿಳಿಯದ್ದನ್ನೇ ಆರಿಸಿದೆವು.

ಪೇಂಟರಣ್ಣ ಬಂದವರೇ ಗೋಡೆಗೆ ಅಂಗೈ ಉಜ್ಜಿ ತೋರಿಸಿದರು. ಕೈ ಪೂರ್ತಿ ಬಿಳಿ. "ಈ ಸುಣ್ಣದ ಮೇಲೆ ಎಮಲ್ಷನ್ ಹೊಡೆದರೆ ಎರಡು ಮಳೆಗೆ ಹಪ್ಪಳದ ಹಾಗೆ ಏಳ್ತದೆ ಅಕ್ಕಾ." ಎರಡು ದಿನ ಕೆರೆದದ್ದೇ ಕೆರೆದದ್ದು. ಪಡುಬದಿಯ ಗೋಡೆಯನ್ನು ಮಾತ್ರ ಅವರು ಮುಟ್ಟಲೇ ಇಲ್ಲ. ಮಳೆ ನೇರ ಹೊಡೆಯುವುದು ಅದಕ್ಕೇ. ನಮ್ಮ ಕಡೆ ವರ್ಷಕ್ಕೆ 3,500 ಮಿಲಿಮೀಟರಿಗೂ ಮೇಲೆ ಮಳೆ, ಕೆಂಪುಕಲ್ಲು ನೀರನ್ನು ಹೀರಿಕೊಳ್ಳುತ್ತದೆ. ಸುಣ್ಣ ಬಳಿದ ಗೋಡೆಯಿಂದ ಆ ತೇವ ಹೊರಗೆ ಹೋಗುತ್ತದೆ, ಎಮಲ್ಷನ್ ಅದನ್ನು ಒಳಗೇ ಹಿಡಿದಿಡುತ್ತದೆ. ಸುಣ್ಣದ ಗುಣವೇ ಬೇರೆ ಬಿಡಿ. ಚಿಪ್ಪು ಸುಟ್ಟು, ನೀರು ಹಾಕಿದರೆ ಕುದಿಯುತ್ತದೆ, ಗೋಡೆಗೆ ಹತ್ತಿದ ಮೇಲೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ಮತ್ತೆ ಚಿಪ್ಪಿನದ್ದೇ ವಸ್ತುವಾಗುತ್ತದೆ. ಆ ಗೋಡೆ ಬಿಳಿಯಾಗಿಯೇ ಉಳಿಯಿತು.

ಲೆಕ್ಕ ಮಗಳದ್ದು. ಉಳಿದ ಮೂರು ಗೋಡೆ ಒಟ್ಟು 38 ಅಡಿ ಉದ್ದ, 10 ಅಡಿ ಎತ್ತರ. ಬಾಗಿಲು ಕಿಟಕಿ ಕಳೆದರೆ 320 ಚದರ ಅಡಿ. ಒಂದು ಲೀಟರು ಒಂದು ಕೋಟಿಗೆ ಸುಮಾರು 120 ಚದರ ಅಡಿ ಬರುತ್ತದೆ. ಹಳದಿಗೆ ಮುಚ್ಚುವ ಶಕ್ತಿ ಕಡಿಮೆ, ಮೂರು ಕೋಟ್ ಬೇಕು. ಹಾಗೆ 8 ಲೀಟರ್. ತಂದದ್ದು 10 ಲೀಟರಿನ ಬಕೆಟ್.

ಮೊದಲ ಕೋಟ್ ಒಣಗುವಾಗ ಪಕ್ಕದ ಮನೆಯವರು ಇಣುಕಿ, "ಎಂತ ಮಾರಾಯ್ರೆ, ಅಂಗನವಾಡಿ ಮಾಡಿದ್ದೀರಾ?" ಎಂದರು. ನಾವು ನಕ್ಕೆವು. ಅತ್ತೆ ನಗಲಿಲ್ಲ. ಅವರು ಕಿಟಕಿಯ ಪಕ್ಕದ ಗೋಡೆಯನ್ನೇ ನೋಡುತ್ತಿದ್ದರು. ಅಲ್ಲಿ, ಹೊಸ ಹಳದಿಯೊಳಗಿಂದ, ಅಂಗೈಯಗಲದ ಕಂದು ಕಲೆ ಮೆಲ್ಲಗೆ ಮೇಲೆ ಬಂದಿತ್ತು.

ಮಾವ ಕೂತು ಪೇಪರ್ ಓದುತ್ತಿದ್ದ ಜಾಗ ಅದು. ಮೂವತ್ತು ವರ್ಷ ತೆಂಗಿನೆಣ್ಣೆ ಹಚ್ಚಿದ ತಲೆ ಒರಗಿದ್ದು ಅಲ್ಲಿಗೇ. ಅವರು ಹೋಗಿ ನಾಲ್ಕು ವರ್ಷವಾಯಿತು. ನನಗೆ ಅದು ಯಾವಾಗಲೂ ಕೊಳೆಯಾಗಿಯೇ ಕಂಡಿತ್ತು. ಕೆರೆಯುವಾಗ ಅಲ್ಲಿ ಇನ್ನೂ ಸ್ವಲ್ಪ ಜೋರಾಗಿ ಉಜ್ಜಿ ಎಂದವಳೂ ನಾನೇ.

"ಎಣ್ಣೆ ಸಾರಣೆಯ ಒಳಗೇ ಇಳಿದಿದೆ ಅಮ್ಮಾ," ಪೇಂಟರಣ್ಣ ಅತ್ತೆಗೆ ಹೇಳಿದರು. "ಆಯಿಲ್ ಪ್ರೈಮರ್ ಹೊಡೆದು ಮುಚ್ಚಬೇಕು. ಇಲ್ಲದಿದ್ದರೆ ಎಷ್ಟು ಕೋಟ್ ಕೊಟ್ಟರೂ ಬರ್ತದೆ."

"ಬರ್ತದಾ?" ಎಂದು ಅತ್ತೆ ಕೇಳಿದರು. "ಹಾಗಾದ್ರೆ ಅಲ್ಲಿಗೆ ಪ್ರೈಮರ್ ಬೇಡ."

ಆಮೇಲೆ ನನ್ನ ಕಡೆ ತಿರುಗಿ, "ಅವರು ಇದ್ದಾಗ ಈ ಕಲೆಗಾಗಿ ದಿನಾ ಜಗಳ ಮಾಡಿದ್ದೇನೆ. ಸೋಪು ಹಾಕಿ ತಿಕ್ಕಿದ್ದೇನೆ. ಹೋಗ್ಲಿಲ್ಲ ನೋಡು," ಎಂದರು. ನನಗೆ ಏನು ಹೇಳುವುದೆಂದು ಗೊತ್ತಾಗಲಿಲ್ಲ. ಒಳಗೆ ಹೋಗಿ ಚಹಾಕ್ಕೆ ನೀರಿಟ್ಟೆ.

ಉಳಿದ ಎರಡು ಕೋಟ್ ಆಯಿತು. ಕಲೆ ಈಗ ತೆಳುವಾಗಿದೆ, ಆದರೆ ಇದೆ. ಅತ್ತೆ ತಮ್ಮ ಕುರ್ಚಿಯನ್ನು ಅದರ ಕೆಳಗೆ ಎಳೆದುಕೊಂಡಿದ್ದಾರೆ, ಅಡಿಕೆ ಸುಲಿಯಲು ಅಲ್ಲಿ ಬೆಳಕು ಚೆನ್ನಾಗಿದೆಯಂತೆ. ಬಂದವರು ಗೋಡೆಗೆ ಥಂಡಿ ಹಿಡಿದಿದೆ ಎಂದರೆ, "ಅಲ್ಲ, ಅದು ಅಜ್ಜ" ಎನ್ನುತ್ತಾಳೆ ಮಗಳು. ಮಿಕ್ಕ ಬಣ್ಣ ಅಟ್ಟದಲ್ಲಿದೆ. ಈ ಮಳೆಗಾಲ ಮುಗಿದ ಮೇಲೆ ಪಡುಗೋಡೆಗೆ ಮತ್ತೆ ಸುಣ್ಣ ಬಳಿಸಬೇಕು.