ಅಂಗೈಯಗಲದ ಆಡು-ಹುಲಿ: ಆಟದ ಸ್ಕ್ರಿಪ್ಟನ್ನು ಮೊಬೈಲಿನಲ್ಲಿಯೇ ಬರೆದು ಪರೀಕ್ಷಿಸುವ ಬಗೆ

ಕನ್ನಡನಾಡಿನ ಹಳೆಯ ದೇವಾಲಯಗಳ ಕಲ್ಲುಹಾಸಿನ ಮೇಲೂ ಮನೆಗಳ ಜಗಲಿಯ ಮೇಲೂ ಕೊರೆದಿರುವ ಆಡು-ಹುಲಿ ಆಟದ ಗೆರೆಗಳನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ತ್ರಿಕೋನದ ತುದಿಯಿಂದ ಇಳಿದು ಬರುವ ಗೆರೆಗಳನ್ನು ಅಡ್ಡಗೆರೆಗಳು ಕತ್ತರಿಸುತ್ತವೆ. ಅವು ಕೂಡುವ ಬಿಂದುಗಳೇ ಆಟದ ಮನೆಗಳು. ಬಳಕೆಯಲ್ಲಿರುವ ಒಂದು ಕ್ರಮದಲ್ಲಿ 23 ಮನೆಗಳು, 3 ಹುಲಿಗಳು, 15 ಆಡುಗಳು. ಆಡುಗಳನ್ನು ಒಂದೊಂದಾಗಿ ಹೂಡಬೇಕು. ಎಲ್ಲವನ್ನೂ ಹೂಡುವ ತನಕ ಅವು ಕದಲುವಂತಿಲ್ಲ. ಹುಲಿಯು ಪಕ್ಕದ ಬರಿಮನೆಗೆ ನಡೆಯಬಹುದು. ಅಥವಾ ಪಕ್ಕದಲ್ಲಿರುವ ಆಡನ್ನು ನೇರಗೆರೆಯಲ್ಲಿ ಹಾರಿ, ಆಚೆಯ ಬರಿಮನೆಯನ್ನು ಸೇರಿ, ಆ ಆಡನ್ನು ತಿನ್ನಬಹುದು. ಯಾವ ಹುಲಿಯೂ ಅಲುಗದಂತೆ ಕಟ್ಟಿಹಾಕಿದರೆ ಆಡಿನವರಿಗೆ ಗೆಲುವು. ಎಷ್ಟು ಆಡುಗಳನ್ನು ತಿಂದರೆ ಹುಲಿಯವರಿಗೆ ಗೆಲುವೆಂದು ಕೇಳಿದರೆ ಮಾತ್ರ ಊರಿಗೊಂದು ಉತ್ತರ ದೊರೆಯುತ್ತದೆ. ಹುಲಿಗಳ ಮತ್ತು ಆಡುಗಳ ಸಂಖ್ಯೆಯೂ ಸೀಮೆಯಿಂದ ಸೀಮೆಗೆ ಬದಲಾಗುವುದುಂಟು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಕಲ್ಲಿನ ಮೇಲಿನ ಗೆರೆಗಳು ಸ್ಥಿರವಾದವು. ಆಟದ ಕಟ್ಟಳೆಗಳಾದರೋ ಆಡುವವರ ಬಾಯಲ್ಲಿರತಕ್ಕವು, ಬದಲಾಗತಕ್ಕವು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಅನೇಕ ಹಲಗೆಯಾಟಗಳನ್ನು ತಾವೇ ರೂಪಿಸಿದರು. ಚದುರಂಗದ ಕುದುರೆಯು 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿಬರುವ ಕ್ರಮಗಳನ್ನು ರಚಿಸಿದರು. ಅದೇ ಹಲಗೆ, ಅದೇ ಕಾಯಿ. ಕಟ್ಟಳೆ ಹೊಸದಾದರೆ ಆಟವೂ ಹೊಸದು. ಇಂದಿನ ಕಂಪ್ಯೂಟರ್ ಆಟಗಳ ರಚನೆಯೂ ಇದೇ ತತ್ತ್ವವನ್ನು ಅವಲಂಬಿಸಿದೆ.

ಎಂಜಿನ್ ಮತ್ತು ಸ್ಕ್ರಿಪ್ಟ್

ಕಂಪ್ಯೂಟರ್ ಆಟವೊಂದರಲ್ಲಿ ಎರಡು ಭಾಗಗಳಿರುತ್ತವೆ. ಚಿತ್ರ ಬಿಡಿಸುವುದು, ಬೆರಳಿನ ಸ್ಪರ್ಶವನ್ನು ಗುರುತಿಸುವುದು, ಸದ್ದು ಹೊರಡಿಸುವುದು ಇವೆಲ್ಲ ಎಂಜಿನ್ ಎಂಬ ಭಾಗದ ಕೆಲಸ. ಇದನ್ನು ಒಮ್ಮೆ ಕಟ್ಟಿದರೆ ಪದೇ ಪದೇ ತಿದ್ದಬೇಕಾಗಿಲ್ಲ. ಆಟದ ಕಟ್ಟಳೆಗಳನ್ನು ಹೇಳುವ ಬರಹವೇ ಸ್ಕ್ರಿಪ್ಟ್. ಕಟ್ಟಳೆಯನ್ನು ಬದಲಾಯಿಸಬೇಕಾದಾಗ ಎಂಜಿನ್ನನ್ನು ಬಿಚ್ಚದೆ ಸ್ಕ್ರಿಪ್ಟಿನ ಸಾಲೊಂದನ್ನು ತಿದ್ದಿದರೆ ಸಾಕು.

ಈ ಕಾರ್ಯಕ್ಕೆ ಹೆಸರಾದ ಭಾಷೆಗಳಲ್ಲಿ ಲುವಾ ಒಂದು. ಬ್ರೆಜಿಲ್ ದೇಶದ ರಿಯೋ ಡಿ ಜನೈರೊ ನಗರದ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ 1993ರಲ್ಲಿ ರಾಬರ್ಟೊ ಯೆರುಸಲಿಮ್ಸ್ಕಿ, ಲುಯಿಸ್ ಎನ್ರಿಕೆ ಡಿ ಫಿಗೆರೆಡೊ ಮತ್ತು ವಾಲ್ಡೆಮಾರ್ ಸೆಲೆಸ್ ಎಂಬ ಮೂವರು ಇದನ್ನು ರಚಿಸಿದರು. ಪೋರ್ಚುಗೀಸ್ ಭಾಷೆಯಲ್ಲಿ ಲುವಾ ಎಂದರೆ ಚಂದ್ರ. ಎಂಜಿನಿಯರುಗಳ ಬಳಕೆಗೆಂದು ಹುಟ್ಟಿದ ಈ ಭಾಷೆ ಆಟಗಳ ಲೋಕದಲ್ಲಿ ಹಬ್ಬಲು ಮುಖ್ಯ ಕಾರಣ ಅದರ ಕಿರಿದಾದ ಗಾತ್ರ. ಅದನ್ನು ಓದಿ ನಡೆಸುವ ಇಡಿಯ ಯಂತ್ರಾಂಗವು ಕೆಲವು ನೂರು ಕಿಲೋಬೈಟುಗಳಲ್ಲಿ ಅಡಕವಾಗುತ್ತದೆ. ಮೊಬೈಲಿನಿಂದ ತೆಗೆದ ಒಂದು ಛಾಯಾಚಿತ್ರವೇ ಸಾಮಾನ್ಯವಾಗಿ ಇದಕ್ಕಿಂತ ಹೆಚ್ಚು ಸ್ಥಳವನ್ನು ಆಕ್ರಮಿಸುತ್ತದೆ.

ಮೊಬೈಲಿನಲ್ಲಿಯೇ ಏಕೆ?

ಚಿಕ್ಕಮಗಳೂರಿನಿಂದ ಬಾಬಾಬುಡನ್‌ಗಿರಿಗೆ ಏರುವ ದಾರಿಯಲ್ಲಿ ಅತ್ತಿಗುಂಡಿ ಎಂಬ ಊರಿದೆ. ನಾಡಿನ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯೂ ಇದೇ ಗಿರಿಶ್ರೇಣಿಗೆ ಸೇರಿದುದು. ಸುತ್ತಲೂ ಕಾಫಿ ತೋಟಗಳು, ಕಡಿದಾದ ಇಳಿಜಾರುಗಳು. ಇಂತಹ ಊರಿನ ವಿದ್ಯಾರ್ಥಿಯೊಬ್ಬನಿಗೆ ಆಡು-ಹುಲಿ ಆಟವನ್ನು ತನ್ನೂರಿನ ಕಟ್ಟಳೆಯಂತೆಯೇ ಮೊಬೈಲಿನಲ್ಲಿ ರಚಿಸುವ ಆಸೆ ಹುಟ್ಟಿತೆಂದು ಭಾವಿಸೋಣ. ಅವನ ಮನೆಯಲ್ಲಿ ಕಂಪ್ಯೂಟರ್ ಇಲ್ಲ, ಮೊಬೈಲ್ ಇದೆ. ಬರೆದ ಸ್ಕ್ರಿಪ್ಟನ್ನು ದೂರದ ಕಂಪ್ಯೂಟರಿಗೆ ಕಳುಹಿಸಿ ಅಲ್ಲಿ ನಡೆಸಿ ಫಲಿತಾಂಶವನ್ನು ತರಿಸಿಕೊಳ್ಳುವ ವ್ಯವಸ್ಥೆಗಳುಂಟು. ಆದರೆ ಅದಕ್ಕೆ ಎಡೆಬಿಡದ ಸಂಪರ್ಕ ಬೇಕು. ಮೊಬೈಲುಗಳು ಬಳಸುವ ರೇಡಿಯೊ ಅಲೆಗಳ ಉದ್ದ ಬಹುಮಟ್ಟಿಗೆ 10ರಿಂದ 40 ಸೆಂಟಿಮೀಟರಿನಷ್ಟು. ಇಷ್ಟು ಕಿರಿದಾದ ಅಲೆಗಳು ಬೆಟ್ಟವನ್ನು ಬಳಸಿಕೊಂಡು ಬಾಗಿ ಬರುವುದು ಅಲ್ಪ. ಬೆಳಕಿಗೆ ನೆರಳಿರುವಂತೆ ಇವುಗಳಿಗೂ ಗುಡ್ಡದ ಮರೆಯಲ್ಲಿ ನೆರಳುಂಟು. ಆದುದರಿಂದ ಮಲೆನಾಡಿನ ವಿದ್ಯಾರ್ಥಿಗೆ ಒಪ್ಪುವ ಆ್ಯಪ್ ಎಂದರೆ ಬರೆಯುವ ಹಾಳೆ, ಓದಿ ನಡೆಸುವ ಯಂತ್ರಾಂಗ, ಆಟದ ಹಲಗೆ ಈ ಮೂರನ್ನೂ ತನ್ನೊಡಲಿನಲ್ಲಿಯೇ ಹೊತ್ತಿರತಕ್ಕದ್ದು.

ಇದು ಬರಿಯ ಕಲ್ಪನೆಯಲ್ಲ. ಆಸ್ಟ್ರೇಲಿಯದ ಟೂ ಲೈವ್ಸ್ ಲೆಫ್ಟ್ ಎಂಬ ಸಂಸ್ಥೆಯು 2011ರಲ್ಲಿ ಐಪ್ಯಾಡಿಗಾಗಿ ಕೋಡಿಯಾ ಎಂಬ ಆ್ಯಪನ್ನು ಹೊರತಂದಿತು. ಅದರಲ್ಲಿ ಲುವಾ ಭಾಷೆಯ ಸ್ಕ್ರಿಪ್ಟನ್ನು ಪರದೆಯ ಮೇಲೆಯೇ ಬರೆದು ಒಡನೆಯೇ ಆಡಿ ನೋಡಬಹುದು. 2012ರಲ್ಲಿ ಬಂದ ಕಾರ್ಗೊ-ಬಾಟ್ ಎಂಬ ಆಟವನ್ನು ಹೀಗೆ ಐಪ್ಯಾಡಿನ ಮೇಲೆಯೇ ಬರೆಯಲಾಗಿತ್ತು. ಆಸ್ಟ್ರಿಯ ದೇಶದ ಗ್ರಾಟ್ಸ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಮೊದಲಾದ ಪಾಕೆಟ್ ಕೋಡ್ ಎಂಬ ಆ್ಯಪಿನಲ್ಲಿ ಆಜ್ಞೆಗಳನ್ನು ಇಟ್ಟಿಗೆಗಳಂತೆ ಜೋಡಿಸಿ ಮೊಬೈಲಿನಲ್ಲಿಯೇ ಆಟಗಳನ್ನು ರಚಿಸಬಹುದು.

ಅಕ್ಷರಗಳ ತೊಡಕು

ಇಂತಹ ಆ್ಯಪನ್ನು ಕಟ್ಟುವವರಿಗೆ ಮೊದಲು ಎದುರಾಗುವುದು ಬರೆಯುವ ಹಾಳೆ, ಅಂದರೆ ಎಡಿಟರ್. ಇಲ್ಲಿ ಕನ್ನಡವು ತನ್ನದೇ ಆದ ಸಮಸ್ಯೆಯನ್ನು ತಂದೊಡ್ಡುತ್ತದೆ. 'ಹುಲಿ' ಎಂಬ ಪದದಲ್ಲಿ ನಮ್ಮ ಕಣ್ಣಿಗೆ ಕಾಣುವುದು ಎರಡು ಅಕ್ಷರ. ಯೂನಿಕೋಡ್ ಪದ್ಧತಿಯಲ್ಲಿ ಹಕಾರ, ಉಕಾರದ ಕೊಂಬು, ಲಕಾರ, ಇಕಾರದ ಗುಡಿಸು ಎಂದು ನಾಲ್ಕು ಸಂಕೇತಗಳು. ಅವನ್ನು ಯು.ಟಿ.ಎಫ್.-8 ಎಂಬ ಕ್ರಮದಲ್ಲಿ ಶೇಖರಿಸಿದಾಗ ಒಂದೊಂದು ಸಂಕೇತಕ್ಕೆ 3 ಬೈಟುಗಳಂತೆ ಒಟ್ಟು 12 ಬೈಟುಗಳು. 'ಈ ಪದದ ಉದ್ದವೆಷ್ಟು?' ಎಂದು ಲುವಾವನ್ನು ಕೇಳಿದರೆ ಅದು ಬೈಟುಗಳನ್ನೆಣಿಸಿ 12 ಎಂದುತ್ತರಿಸುತ್ತದೆ! ಈ ಉತ್ತರವನ್ನು ನಂಬಿ, ಕಾಯಿಯ ಮೇಲೆ ಹೆಸರು ಬರೆಯಲು ಜಾಗವನ್ನು ಬಿಟ್ಟರೆ ಹಲಗೆಯ ಅಂದ ಕೆಡುತ್ತದೆ. ಎಡಿಟರಿನ ಸೂಚಿಗೆರೆಯು ಕೊಂಬಿನ ನಡುವೆ ನಿಂತರೆ ಬರೆಯುವವನಿಗೆ ದಿಕ್ಕು ತಪ್ಪುತ್ತದೆ. ಆದ್ದರಿಂದ ಕಾಣುವ ಅಕ್ಷರ, ಸಂಕೇತ, ಬೈಟು ಈ ಮೂರನ್ನೂ ಆ್ಯಪು ಬೇರೆ ಬೇರೆಯಾಗಿ ಲೆಕ್ಕವಿಡಬೇಕು.

ಮತ್ತೊಂದು ಪ್ರಶ್ನೆ: ಸ್ಕ್ರಿಪ್ಟನ್ನು ಕನ್ನಡದಲ್ಲಿಯೇ ಬರೆಯಬಹುದೆ? ಲುವಾದ ಮೂಲ ಆವೃತ್ತಿಯಲ್ಲಿ ಉದ್ಧರಣ ಚಿಹ್ನೆಗಳ ನಡುವೆ ಕನ್ನಡವನ್ನು ಇಡಬಹುದಾದರೂ ಪರಿಮಾಣಗಳ ಹೆಸರುಗಳು ಇಂಗ್ಲಿಷ್ ಲಿಪಿಯಲ್ಲಿಯೇ ಇರಬೇಕು. 2008ರಲ್ಲಿ ಬಂದ ಪೈಥಾನಿನ ಮೂರನೆಯ ಆವೃತ್ತಿ ಈ ವಿಷಯದಲ್ಲಿ ಉದಾರವಾದುದು. ಅದರಲ್ಲಿ 'ಆಡುಗಳು = 15' ಎಂದು ಬರೆದರೆ ಯಂತ್ರವು ಒಪ್ಪಿಕೊಳ್ಳುತ್ತದೆ.

ದುಭಾಷಿಯ ಕೆಲಸ

ಬರೆದ ಸ್ಕ್ರಿಪ್ಟು ಮೊಬೈಲಿನ ಪ್ರೊಸೆಸರಿಗೆ ನೇರವಾಗಿ ತಿಳಿಯದು. ನಡುವೆ ದುಭಾಷಿಯೊಬ್ಬ ಬೇಕು. ಇದಕ್ಕೆ ಇಂಟರ್‌ಪ್ರಿಟರ್ ಎಂದು ಹೆಸರು. ಮೊದಲು ಅದು ಸಾಲನ್ನು ಪದಪದವಾಗಿ ಬಿಡಿಸುತ್ತದೆ. ಅನಂತರ ವ್ಯಾಕರಣದ ಪ್ರಕಾರ ಪದಗಳ ಸಂಬಂಧವನ್ನು ಗೊತ್ತುಮಾಡುತ್ತದೆ. ವ್ಯಾಕರಣ ತಪ್ಪಿದ್ದರೆ ಇಲ್ಲಿಯೇ ನಿಂತು, ಇಂಥ ಸಾಲಿನಲ್ಲಿ ತಪ್ಪಿದೆಯೆಂದು ತಿಳಿಸುತ್ತದೆ. ತಪ್ಪಿಲ್ಲದಿದ್ದರೆ ಚಿಕ್ಕ ಚಿಕ್ಕ ಆಜ್ಞೆಗಳ ಸರಣಿಯೊಂದನ್ನು ಸಿದ್ಧಪಡಿಸಿ ಅವನ್ನು ಒಂದೊಂದಾಗಿ ನಡೆಸುತ್ತದೆ. ಕಲಿಯುವವನಿಗೆ ತಪ್ಪನ್ನು ತೋರಿಸುವ ಸಾಲಿನ ಸಂಖ್ಯೆಯೇ ಮೊದಲ ಉಪಾಧ್ಯಾಯ. ಆದ್ದರಿಂದ ಆ್ಯಪನ್ನು ಕಟ್ಟುವವರು ಈ ಸಂದೇಶಗಳನ್ನು ಸರಳವಾದ ಮಾತಿನಲ್ಲಿ ಬರೆಯುವುದಕ್ಕೆ ಎಷ್ಟು ಶ್ರಮಪಟ್ಟರೂ ಹೆಚ್ಚಲ್ಲ.

ಪರದೆಯ ಮೇಲೆ ಚಲನೆ ತೋರಬೇಕಾದರೆ ಚಲನಚಿತ್ರದಲ್ಲಿರುವಂತೆ ಚಿತ್ರಗಳು ಒಂದರ ಹಿಂದೊಂದು ಮೂಡಬೇಕು. ಸಾಮಾನ್ಯ ಮೊಬೈಲಿನಲ್ಲಿ ಸೆಕೆಂಡಿಗೆ 60 ಚಿತ್ರಗಳು. ಎಂದರೆ ಒಂದು ಚಿತ್ರಕ್ಕೆ ದೊರೆಯುವ ಕಾಲ ಸುಮಾರು 16.7 ಮಿಲಿಸೆಕೆಂಡು. ಇಷ್ಟರೊಳಗೆ ಸ್ಪರ್ಶವನ್ನು ಓದಿ, ಕಟ್ಟಳೆಯನ್ನು ವಿಚಾರಿಸಿ, ಹಲಗೆಯನ್ನು ಬಿಡಿಸಬೇಕು.

ಕಲಿಯುವವನ ಸ್ಕ್ರಿಪ್ಟು ಇಲ್ಲಿ ಎಡವುವ ಸಂಭವ ಹೆಚ್ಚು. 'ಹುಲಿಗೆ ಬರಿಮನೆ ಸಿಗುವ ತನಕ ಹುಡುಕು' ಎಂದು ಅವನು ಬರೆದನೆನ್ನಿ. ಬರಿಮನೆಯೇ ಇಲ್ಲದಿದ್ದರೆ ಹುಡುಕಾಟಕ್ಕೆ ಕೊನೆಯಿಲ್ಲ. ಪರದೆ ಕಲ್ಲಿನಂತೆ ನಿಲ್ಲುತ್ತದೆ. ಆ್ಯಪಿನ ಮುಖ್ಯ ಎಳೆಯು ಸ್ಪರ್ಶಕ್ಕೆ 5 ಸೆಕೆಂಡು ಉತ್ತರಿಸದಿದ್ದರೆ ಆಂಡ್ರಾಯ್ಡ್ ವ್ಯವಸ್ಥೆಯು ಆ್ಯಪು ಸ್ಪಂದಿಸುತ್ತಿಲ್ಲವೆಂದು ಸಾರುತ್ತದೆ. ಇದನ್ನು ತಪ್ಪಿಸಲು ಎರಡು ಉಪಾಯಗಳುಂಟು. ಸ್ಕ್ರಿಪ್ಟನ್ನು ಬೇರೊಂದು ಎಳೆಯಲ್ಲಿ ನಡೆಸುವುದು ಒಂದು. ಆಜ್ಞೆಗಳನ್ನು ಎಣಿಸುತ್ತ ಹೋಗಿ, ಮಿತಿ ಮೀರಿದೊಡನೆ ಸ್ಕ್ರಿಪ್ಟನ್ನು ನಿಲ್ಲಿಸಿ, ಯಾವ ಸಾಲಿನಲ್ಲಿ ಸುತ್ತುತ್ತಿತ್ತೆಂದು ತೋರಿಸುವುದು ಇನ್ನೊಂದು. ಹೀಗೆ ಎಣಿಸುವ ಸೌಕರ್ಯ ಲುವಾದಲ್ಲಿಯೇ ಇದೆ.

ಸ್ಕ್ರಿಪ್ಟಿಗೆ ಬೇಲಿಯೂ ಬೇಕು. ಆಟದ ಬರಹಕ್ಕೆ ಹಲಗೆ ಮತ್ತು ಕಾಯಿಗಳು ಸಾಕು. ಮೊಬೈಲಿನ ದೂರವಾಣಿ ಸಂಖ್ಯೆಗಳಾಗಲಿ ಛಾಯಾಚಿತ್ರಗಳಾಗಲಿ ಅದರ ಕೈಗೆ ಸಿಗಬಾರದು. ಆ್ಯಪುಗಳನ್ನು ಪರಿಶೀಲಿಸಿ ಬಿಡುಗಡೆ ಮಾಡುವ ಆ್ಯಪಲ್ ಸಂಸ್ಥೆಯು ಇಂತಹ ಸ್ಕ್ರಿಪ್ಟ್ ಓದುವ ಆ್ಯಪುಗಳನ್ನು ಮೊದಮೊದಲು ಬಹಳ ನಿರ್ಬಂಧಿಸಿತ್ತು. 2010ರಲ್ಲಿ ಮಕ್ಕಳ ಸ್ಕ್ರ್ಯಾಚ್ ಭಾಷೆಯ ರಚನೆಗಳನ್ನು ತೋರಿಸುವ ಆ್ಯಪೊಂದನ್ನು ಅದರ ಅಂಗಡಿಯಿಂದ ತೆಗೆದುಹಾಕಲಾಯಿತು. ಮುಂದೆ ನಿಯಮ ಸಡಿಲವಾಗಿ, ಕಲಿಕೆಗಾಗಿರುವ ಆ್ಯಪುಗಳಿಗೆ, ಬರಹವನ್ನು ಬಳಕೆದಾರನು ಪೂರ್ತಿಯಾಗಿ ನೋಡಿ ತಿದ್ದುವಂತಿರಬೇಕೆಂಬ ಷರತ್ತಿನ ಮೇಲೆ, ಅವಕಾಶ ದೊರೆಯಿತು. ಕೈಯಲ್ಲಿರುವ ಯಂತ್ರದಲ್ಲಿ ಇತರರು ಮಾಡಿದ ಆಟವನ್ನು ಆಡುವುದಷ್ಟೇ ನಮ್ಮ ಪಾಲೋ, ನಮ್ಮ ಆಟವನ್ನು ನಾವೇ ಬರೆಯುವ ಸ್ವಾತಂತ್ರ್ಯವೂ ಉಂಟೋ ಎಂಬ ಪ್ರಶ್ನೆ ಇದರ ಹಿಂದೆ ಇತ್ತು.

ಪರೀಕ್ಷೆಯ ಬಗೆ

ಆಟ ತೆರೆದುಕೊಂಡಿತು, ಕಾಯಿ ಚಲಿಸಿತು ಎಂದ ಮಾತ್ರಕ್ಕೆ ಸ್ಕ್ರಿಪ್ಟು ಸರಿಯಾಗಿದೆ ಎನ್ನಲಾಗದು. ಆಡು-ಹುಲಿಯಲ್ಲಿ ಎಂದಿಗೂ ಕೆಡಬಾರದ ಲೆಕ್ಕವೊಂದುಂಟು: ಕೈಯಲ್ಲಿರುವ ಆಡುಗಳು, ಹಲಗೆಯ ಮೇಲಿನ ಆಡುಗಳು, ಹುಲಿ ತಿಂದ ಆಡುಗಳು ಮೂರನ್ನೂ ಕೂಡಿದರೆ ಸದಾ 15 ಬರಬೇಕು. ಆರಂಭದಲ್ಲಿ 15, 0, 0. ಒಂದನ್ನು ಹೂಡಿದಾಗ 14, 1, 0. ಅದನ್ನು ಹುಲಿ ತಿಂದಾಗ 14, 0, 1. ಹಲಗೆಯಿಂದ ಆಡನ್ನು ತೆಗೆದ ಸ್ಕ್ರಿಪ್ಟು ತಿಂದ ಲೆಕ್ಕಕ್ಕೆ ಸೇರಿಸಲು ಮರೆತರೆ ಮೊತ್ತವು 14ಕ್ಕಿಳಿಯುತ್ತದೆ. ಆಡಿ ನೋಡುವವನಿಗೆ ಈ ದೋಷ ತಿಳಿಯುವುದು, ಹುಲಿ ಗೆಲ್ಲಬೇಕಾದಾಗ ಗೆಲ್ಲದೆ ಹೋದಾಗ ಮಾತ್ರ. ಪ್ರತಿ ನಡೆಯ ಬಳಿಕ ಮೊತ್ತವನ್ನು ಪರಿಶೀಲಿಸುವ ಆ್ಯಪಿಗೆ ಅದು ಆ ಕ್ಷಣದಲ್ಲಿಯೇ ತಿಳಿಯುತ್ತದೆ.

ಇನ್ನೊಂದು ದೋಷ ಇದಕ್ಕಿಂತ ಸೂಕ್ಷ್ಮವಾದುದು. 'ಹುಲಿಯ ಪಕ್ಕದ ಮನೆಗಳೆಲ್ಲ ತುಂಬಿದ್ದರೆ ಹುಲಿ ಕಟ್ಟಿಬಿದ್ದಿದೆ' ಎಂದು ಬರೆದರೆ ಮೇಲುನೋಟಕ್ಕೆ ಸರಿಯೆನಿಸುತ್ತದೆ. ಆದರೆ ಪಕ್ಕದ ಆಡಿನ ಆಚೆ ಬರಿಮನೆಯಿದ್ದರೆ ಹುಲಿ ಹಾರಬಲ್ಲದು. ಇದನ್ನು ಮರೆತ ಸ್ಕ್ರಿಪ್ಟು ಆಡಿನವರಿಗೆ ಅನ್ಯಾಯದ ಗೆಲುವನ್ನು ಕೊಟ್ಟುಬಿಡುತ್ತದೆ. ಇಂತಹ ಸನ್ನಿವೇಶವನ್ನು ಹಲಗೆಯ ಮೇಲೆ ಬೇಕೆಂದೇ ಹೂಡಿ, ಬರಬೇಕಾದ ಉತ್ತರವನ್ನು ಜೊತೆಗೆ ಬರೆದಿಡಬೇಕು. ಸ್ಕ್ರಿಪ್ಟನ್ನು ತಿದ್ದಿದಾಗಲೆಲ್ಲ ಹಳೆಯ ಸನ್ನಿವೇಶಗಳನ್ನೆಲ್ಲ ಮತ್ತೆ ನಡೆಸಿದರೆ, ಒಂದು ತಪ್ಪನ್ನು ತಿದ್ದುವಾಗ ಇನ್ನೊಂದು ನುಸುಳಿತೆ ಎಂಬುದು ಗೊತ್ತಾಗುತ್ತದೆ.

ಮೂರನೆಯ ವಿಧಾನದಲ್ಲಿ ಆ್ಯಪು ತಾನೇ ಎರಡೂ ಕಡೆಯವರಾಗಿ ಮನಬಂದಂತೆ ಸಾವಿರ ಆಟಗಳನ್ನಾಡುತ್ತದೆ. ಕಂಪ್ಯೂಟರಿನ ಈ 'ಮನಬಂದ' ಸಂಖ್ಯೆಗಳು ಬೀಜಸಂಖ್ಯೆಯೊಂದರಿಂದ ಹುಟ್ಟುತ್ತವೆ. ಅದೇ ಬೀಜವನ್ನು ಕೊಟ್ಟರೆ ಅದೇ ನಡೆಗಳು ಮರುಕಳಿಸುತ್ತವೆ. ಆದ್ದರಿಂದ ದೋಷ ಕಂಡ ಆಟದ ಬೀಜಸಂಖ್ಯೆಯನ್ನು ಗುರುತುಹಾಕಿಕೊಂಡರೆ ಎಷ್ಟು ಸಲ ಬೇಕಾದರೂ ಅದನ್ನು ಮತ್ತೆ ಆಡಿಸಿ ಕಾರಣವನ್ನು ಹುಡುಕಬಹುದು.

ಈ ಪರೀಕ್ಷೆಯಲ್ಲಿ ಸ್ವಾರಸ್ಯವಾದ ಸಂಗತಿಯೊಂದು ಹೊರಬೀಳುತ್ತದೆ. ಕೆಲವು ಆಟಗಳು ಮುಗಿಯುವುದೇ ಇಲ್ಲ! ಹುಲಿ ಎರಡು ಮನೆಗಳ ನಡುವೆ ಹಿಂದೆ ಮುಂದೆ ನಡೆಯುತ್ತದೆ; ಆಡೂ ಹಾಗೆಯೇ ಮಾಡುತ್ತದೆ. ಇದು ಸ್ಕ್ರಿಪ್ಟಿನ ತಪ್ಪಲ್ಲ. ಜಗಲಿಯ ಮೇಲೆ ಆಡುವವರು ಬೇಸರಗೊಂಡು ಏಳುತ್ತಾರೆ, ಅಥವಾ ಹಿರಿಯರೊಬ್ಬರು ಆಟ ಸಮವಾಯಿತೆಂದು ತೀರ್ಮಾನ ಹೇಳುತ್ತಾರೆ. ಆ ತೀರ್ಮಾನ ಕಟ್ಟಳೆಯಲ್ಲಿ ಸೇರಿರಲಿಲ್ಲ, ಜನರ ವಿವೇಕದಲ್ಲಿತ್ತು. ಯಂತ್ರಕ್ಕೆ ಅಂತಹ ವಿವೇಕವಿಲ್ಲದಿರುವುದರಿಂದ, ಎಷ್ಟು ನಡೆಗಳ ಬಳಿಕ ಆಟ ಸಮವೆಂಬುದನ್ನು ನಾವು ಬರೆದು ಹೇಳಲೇಬೇಕು. ಸ್ಕ್ರಿಪ್ಟಿನ ಪರೀಕ್ಷೆಯೆಂದರೆ ಬರೆದುದರ ತಪ್ಪನ್ನು ಹಿಡಿಯುವುದಷ್ಟೇ ಎಂದು ತಿಳಿಯಬಾರದು. ನಾವು ಹೇಳದೆ ಬಿಟ್ಟುದನ್ನೂ ಅದು ನಮಗೆ ತೋರಿಸಿಕೊಡುತ್ತದೆ.

ಆರಂಭಿಸುವ ದಾರಿ

ಮೊಬೈಲಿನ ಪರದೆ ಕಿರಿದು. ಉದ್ದವಾದ ಬರಹಕ್ಕೆ ಬೆರಳು ಸೋಲುತ್ತದೆ. ಸತತವಾಗಿ ನಡೆಸಿದರೆ ಯಂತ್ರ ಬಿಸಿಯಾಗಿ ಬ್ಯಾಟರಿ ಬರಿದಾಗುತ್ತದೆ. ಆದರೆ ಹಲಗೆಯಾಟಗಳ ಕಟ್ಟಳೆಗಳು ಕಿರಿದಾದುವಾಗಿರುವುದರಿಂದ ಅವಕ್ಕೆ ಈ ಕೊರತೆಗಳು ಹೆಚ್ಚು ಬಾಧಕವಲ್ಲ. ಆಸಕ್ತಿಯುಳ್ಳ ವಿದ್ಯಾರ್ಥಿಗಳು ಮೊದಲು ಕಾಗದ ಮತ್ತು ಪೆನ್ಸಿಲನ್ನೇ ಕೈಗೆತ್ತಿಕೊಳ್ಳಲಿ. ಹಲಗೆಯ 23 ಮನೆಗಳಿಗೆ ಸಂಖ್ಯೆಗಳನ್ನು ಕೊಟ್ಟು ಎರಡು ಪಟ್ಟಿಗಳನ್ನು ತಯಾರಿಸಲಿ: ಯಾವ ಮನೆಗೆ ಯಾವುವು ನೆರೆಮನೆಗಳೆಂಬುದು ಮೊದಲನೆಯದು, ಯಾವ ಮನೆಯಿಂದ ಯಾವುದರ ಮೇಲೆ ಹಾರಿ ಯಾವುದನ್ನು ಸೇರಬಹುದೆಂಬುದು ಎರಡನೆಯದು. ಅನಂತರ ಊರಿನ ಹಿರಿಯರನ್ನು ಕಂಡು, ಎಷ್ಟು ಆಡು ತಿಂದರೆ ಹುಲಿಗೆ ಗೆಲುವು, ಆಟ ಮುಗಿಯದಿದ್ದರೆ ತೀರ್ಮಾನವೇನು ಎಂದು ಕೇಳಿ ಬರೆದುಕೊಳ್ಳಲಿ. ಎಂಜಿನ್ನನ್ನು ಎಲ್ಲಿಂದ ಬೇಕಾದರೂ ತರಬಹುದು. ಈ ಉತ್ತರಗಳು ಮಾತ್ರ ಆಯಾ ಊರಿನಲ್ಲಿಯೇ ದೊರೆಯತಕ್ಕವು.