ಕೊನೆಯಿಲ್ಲದ ಹಾಡು

ಸಂಗೀತ ಕಚೇರಿಯ ಹಾಡಿಗೆ ಕೊನೆಯುಂಟು. ಗಣಕಯಂತ್ರದ ಆಟದ ಹಾಡಿಗೆ ಇಲ್ಲ. ಆಟಗಾರನು ಒಂದು ಹಂತವನ್ನು ಅರ್ಧ ನಿಮಿಷದಲ್ಲಿ ದಾಟುವನೋ, ಅಲ್ಲಿಯೇ ಹತ್ತು ನಿಮಿಷ ತಡವರಿಸುವನೋ ಬಲ್ಲವರಾರು? ಆದುದರಿಂದ ಕೊನೆಯ ಸ್ವರವು ಮೊದಲನೆಯದಕ್ಕೆ ಸಹಜವಾಗಿ ಬಂದು ಕೂಡುವಂತೆ ಹಾಡನ್ನು ಬಳೆಯಾಗಿ ಬಾಗಿಸಬೇಕು.

ಇದನ್ನು ಕಲಿಯಬಯಸುವ ವಿದ್ಯಾರ್ಥಿಯು ನೂರು ವಾದ್ಯಗಳ ತಂತ್ರಾಂಶದಿಂದ ತೊಡಗುವುದಕ್ಕಿಂತ, ಜಪಾನಿನ ನಿಂಟೆಂಡೊ ಸಂಸ್ಥೆಯು 1983ರಲ್ಲಿ ಹೊರತಂದ ಫ್ಯಾಮಿಕಾಮ್ ಎಂಬ ಆಟದ ಯಂತ್ರವನ್ನು ಗುರುವಾಗಿ ಇಟ್ಟುಕೊಳ್ಳುವುದು ಲೇಸು. ಅದರಲ್ಲಿದ್ದ ಧ್ವನಿಮಾರ್ಗಗಳು ಐದೇ: ಥಟ್ಟನೆ ಏರಿ ಥಟ್ಟನೆ ಇಳಿಯುವ ಚೌಕ ತರಂಗಕ್ಕೆ ಎರಡು, ಮೆಲ್ಲನೆ ಏರಿಳಿಯುವ ತ್ರಿಕೋನ ತರಂಗಕ್ಕೆ ಒಂದು, ಬರಿಯ ಗದ್ದಲಕ್ಕೆ ಒಂದು, ಮುದ್ರಿತ ಧ್ವನಿಯ ತುಣುಕಿಗೆ ಇನ್ನೊಂದು. ಚೌಕ ತರಂಗಗಳು ರಾಗವನ್ನು ನುಡಿದರೆ ತ್ರಿಕೋನವು ಮಂದ್ರವನ್ನು ಹಿಡಿಯುತ್ತಿತ್ತು. ಗದ್ದಲವನ್ನು ಕ್ಷಣಮಾತ್ರ ಬಿಟ್ಟು ತಡೆದರೆ ಅದೇ ತಾಳವಾದ್ಯ! 1985ರ ‘ಸೂಪರ್ ಮಾರಿಯೊ ಬ್ರದರ್ಸ್’ ಆಟಕ್ಕೆ ಕೋಜಿ ಕೊಂಡೊ ಸಂಗೀತ ರಚಿಸಿದ್ದು ಈ ಯಂತ್ರಕ್ಕಾಗಿಯೇ. ಚಿತ್ರ, ಸಂಗೀತ, ಸೂಚನೆಗಳೆಲ್ಲ ಸೇರಿ ಇಡೀ ಆಟವು ಸುಮಾರು 40 ಕಿಲೋಬೈಟು. ಸಾಲದೆಂಬಂತೆ, ಮಾರಿಯೊ ನೆಗೆದಾಗಲೆಲ್ಲ ಆ ನೆಗೆತದ ಸದ್ದು ಒಂದು ಚೌಕ ಮಾರ್ಗವನ್ನು ಕಸಿದುಕೊಳ್ಳುತ್ತಿತ್ತು. ಆ ಹೊತ್ತಿಗೆ ಅಲ್ಲಿಯ ಸ್ವರಕ್ಕೆ ಮೌನವೇ ಗತಿ.

ಬಡತನವು ಉಪಾಯವನ್ನೂ ಕಲಿಸಿತು. ಮೂರು ಸ್ವರಗಳನ್ನು ಒಂದೇ ಮಾರ್ಗದಲ್ಲಿ ಸೆಕೆಂಡಿನ 1/60 ಭಾಗಕ್ಕೊಂದರಂತೆ ಸರದಿಯಲ್ಲಿ ನುಡಿಸಿದರೆ, ಕಿವಿಯು ಅವನ್ನು ಬಿಡಿಸಲಾರದೆ ಮಿನುಗುವ ಒಂದೇ ಮೇಳವೆಂದು ಗ್ರಹಿಸುತ್ತದೆ. ಚಲನಚಿತ್ರದಲ್ಲಿ ಕಣ್ಣು ಮೋಸಹೋಗುವುದೂ ಸರಿಸುಮಾರು ಹೀಗೆಯೇ.

ಈ ಐದು ಮಾರ್ಗಗಳನ್ನು ಇಂದಿನ ಗಣಕದಲ್ಲಿ ಅನುಕರಿಸುವ ಫ್ಯಾಮಿಟ್ರ್ಯಾಕರ್ ಎಂಬ ತಂತ್ರಾಂಶವು ಉಚಿತ. ಮೊದಲು ಎಂಟೇ ಆವರ್ತನಗಳನ್ನು ಬರೆಯಿರಿ. ಬೇರೆ ಕೆಲಸ ಮಾಡುತ್ತ ಅದನ್ನು ಅರ್ಧ ಗಂಟೆ ಸುತ್ತಲು ಬಿಡಿ. ಕಿವಿ ಎಲ್ಲಿ ಎಡವುವುದೋ, ಬಳೆಯ ಬೆಸುಗೆಯನ್ನು ಅಲ್ಲಿ ತಿದ್ದಬೇಕು.